ಹಳೆಯ ಅಮೆರಿಕನ್ ಪಾಸ್‌ಪೋರ್ಟ್ ಅರ್ಜಿಗಳಿಂದ ಪೂರ್ವಜರ ಹುಟ್ಟೂರು ತಿಳಿಯಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಪತ್ನಿ ಅಮೆರಿಕದವರು. ಅವರ ತಾಯಿಯ ಕಡೆಯ ವಂಶಾವಳಿಯನ್ನು ಸಿದ್ಧಪಡಿಸುತ್ತಿರುವ ನಾನು, ಕ್ಲೀವ್‌ಲ್ಯಾಂಡ್‌ನಲ್ಲಿ ನೆಲೆಸಿದ್ದ ಅವರ ಮುತ್ತಜ್ಜನವರೆಗೆ ಬಂದು ಅಲ್ಲಿಂದ ಮುಂದಕ್ಕೆ ಹೋಗಲಾರದೆ ನಿಂತಿದ್ದೇನೆ. 1900 ಮತ್ತು 1910ರ ಜನಗಣತಿಗಳಲ್ಲಿ ಅವರ ಹುಟ್ಟಿದ ಸ್ಥಳ ‘ಆಸ್ಟ್ರಿಯಾ’ ಎಂದಷ್ಟೇ ಇದೆ. ಆ ಸಾಮ್ರಾಜ್ಯವೋ ಇಂದು ಹಲವು ದೇಶಗಳಾಗಿ ಹಂಚಿಹೋಗಿದೆ. 1906ಕ್ಕೆ ಮೊದಲೇ ಸ್ಥಳೀಯ ನ್ಯಾಯಾಲಯವೊಂದು ಅವರಿಗೆ ನೀಡಿದ ಪೌರತ್ವ ಪತ್ರದಲ್ಲಿ, ಅವರು ಯಾವ ಚಕ್ರವರ್ತಿಯ ಮೇಲಿನ ನಿಷ್ಠೆಯನ್ನು ತ್ಯಜಿಸಿದರೆಂಬುದು ಇದೆ, ಊರಿನ ಹೆಸರಿಲ್ಲ. 1904ರ ಸುಮಾರಿನಲ್ಲಿ ಒಮ್ಮೆ ಒಬ್ಬರೇ, 1921ರಲ್ಲಿ ಮತ್ತೊಮ್ಮೆ ಪತ್ನಿಯೊಡನೆ, ತಾಯಿಯನ್ನು ನೋಡಲು ಅವರು ಸ್ವದೇಶಕ್ಕೆ ಹೋಗಿದ್ದರೆಂದು ಮನೆಯ ಹಿರಿಯರು ಹೇಳುತ್ತಾರೆ. ಈ ಪ್ರಯಾಣಗಳ ಪಾಸ್‌ಪೋರ್ಟ್ ಅರ್ಜಿಗಳು ಉಳಿದಿರಬಹುದೇ? ಅವರ ಪತ್ನಿಯ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗದಿರುವುದೇಕೆ?

ಉತ್ತರ 1

ನಮಸ್ಕಾರ ಸರ್. 1795ರಿಂದ 1925ರ ಮಾರ್ಚ್‌ವರೆಗಿನ ಅರ್ಜಿಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳ ಮೈಕ್ರೋಫಿಲ್ಮ್ ಪ್ರತಿಗಳನ್ನು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿಯೂ ಆನ್ಸೆಸ್ಟ್ರಿಯಲ್ಲಿ ಚಂದಾ ಕಟ್ಟಿಯೂ ನೋಡಬಹುದು. ನಿಮ್ಮ ಎರಡು ಪ್ರಯಾಣಗಳನ್ನು ಮಾತ್ರ ಬೇರೆಬೇರೆಯಾಗಿ ಪರಿಗಣಿಸಬೇಕು. 1904ರಲ್ಲಿ ಅಮೆರಿಕನ್ನರು ಪಾಸ್‌ಪೋರ್ಟ್ ಇಲ್ಲದೆಯೇ ದೇಶ ಬಿಟ್ಟು ಹೋಗಿಬರಬಹುದಾಗಿದ್ದುದರಿಂದ ಅರ್ಜಿಯೇ ಇಲ್ಲದಿರುವ ಸಾಧ್ಯತೆ ಇದೆ. ಆದರೂ ವಲಸೆ ಬಂದು ಪೌರರಾದವರು ತಾಯ್ನಾಡಿಗೆ ಮರಳಿದಾಗ, ಅಲ್ಲಿನ ಅಧಿಕಾರಿಗಳು ತಮ್ಮನ್ನು ಹಳೆಯ ಪ್ರಜೆಯೆಂದೇ ಎಣಿಸಿ ಕಡ್ಡಾಯ ಸೈನ್ಯಸೇವೆಗೆ ಎಳೆದಾರೆಂಬ ಭಯದಿಂದ ಪಾಸ್‌ಪೋರ್ಟ್ ಮಾಡಿಸಿಕೊಳ್ಳುತ್ತಿದ್ದುದು ಸಾಮಾನ್ಯವಾಗಿತ್ತು. ಹಾಗಾಗಿ ಅದನ್ನೂ ಹುಡುಕಿ. 1921ರ ಹೊತ್ತಿಗಾದರೋ ಯುರೋಪಿನ ದೇಶಗಳೇ ಪಾಸ್‌ಪೋರ್ಟ್ ಕೇಳುತ್ತಿದ್ದವು. ನಾನಾಗಿದ್ದರೆ ಅಲ್ಲಿಂದಲೇ ಆರಂಭಿಸುತ್ತಿದ್ದೆ.

ಪತ್ನಿಯ ಹೆಸರು ಸೂಚಿಯಲ್ಲಿ ಸಿಗದಿರುವುದು ಸಹಜ. ಗಂಡನ ಜೊತೆ ಹೊರಟ ಹೆಂಡತಿ ಮಕ್ಕಳನ್ನು ಆತನ ಅರ್ಜಿಯಲ್ಲೇ ಸೇರಿಸುತ್ತಿದ್ದರು. 1914ರ ಡಿಸೆಂಬರ್‌ನಿಂದ ಭಾವಚಿತ್ರ ಕಡ್ಡಾಯವಾದ್ದರಿಂದ, 1921ರ ಅರ್ಜಿ ಸಿಕ್ಕಿದರೆ ಇಬ್ಬರ ಮುಖವನ್ನೂ ನೋಡುವ ಭಾಗ್ಯ ನಿಮ್ಮದಾಗಬಹುದು.

ಉತ್ತರ 2

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಸೂಚಿಯಿಂದ ತೆರೆದುಕೊಳ್ಳುವ ಒಂದೇ ಪುಟವನ್ನು ಇಳಿಸಿಕೊಂಡು ಅಲ್ಲಿಗೇ ನಿಲ್ಲಬೇಡಿ. ಪೌರತ್ವ ಪಡೆದವರ ಅರ್ಜಿ ನಮೂನೆಯಲ್ಲಿ ಹುಟ್ಟಿದ ದಿನ ಮತ್ತು ಸ್ಥಳ, ಬಂದ ಹಡಗು, ಹೊರಟ ಬಂದರು, ಪೌರತ್ವ ಕೊಟ್ಟ ನ್ಯಾಯಾಲಯ ಮತ್ತು ದಿನಾಂಕ ಇರುತ್ತವೆ. ಹಣೆ, ಮೂಗು, ಗಲ್ಲಗಳ ವರ್ಣನೆಯೂ ಇರುತ್ತದೆ (ಹೆಚ್ಚಿನವರ ಮೂಗು ‘ಸಾಧಾರಣ’ವೇ, ಅದರಿಂದ ವಂಶ ತಿಳಿಯುವುದಿಲ್ಲ). ನಿಜವಾದ ಸಂಪತ್ತು ಇರುವುದು ಅದರ ಹಿಂಬದಿಯಲ್ಲಿ ಹಾಗೂ ಮುಂದಿನ ಚಿತ್ರಗಳಲ್ಲಿ: ಅರ್ಜಿದಾರನನ್ನು ಬಲ್ಲೆನೆಂದು ಪ್ರಮಾಣ ಮಾಡಿದ ಸಾಕ್ಷಿಯ ಹೇಳಿಕೆ, ಪ್ರಯಾಣದ ಕಾರಣವನ್ನು ವಿವರಿಸುವ ಮಾಲೀಕರ ಪತ್ರ, ಜನನ ದಾಖಲೆಯಿಲ್ಲದವರ ಪರವಾಗಿ ಅಕ್ಕನೋ ಸೂಲಗಿತ್ತಿಯೋ ಸಲ್ಲಿಸಿದ ಅಫಿಡವಿಟ್.

ನಾನು ನೋಡಿದ 1920ರ ದಶಕದ ಒಂದು ಅರ್ಜಿಯಲ್ಲಿ ಅಂಟಿಸಿದ್ದ ಭಾವಚಿತ್ರವನ್ನು ಯಾವುದೋ ಗುಂಪು ಚಿತ್ರದಿಂದ ಕತ್ತರಿಸಿ ತೆಗೆದಿದ್ದರು. ಹೆಂಗಸಿನ ಭುಜದ ಮೇಲೆ ಬೇರೊಬ್ಬರ ಕೈಬೆರಳುಗಳು ಹಾಗೆಯೇ ಉಳಿದಿದ್ದವು. ಸಾಕ್ಷಿಯಾಗಿ ಸಹಿ ಮಾಡಿದ್ದವನ ವಿಳಾಸವೂ ಅರ್ಜಿದಾರಳ ವಿಳಾಸವೂ ಒಂದೇ ಆಗಿದ್ದುದರಿಂದ, ಅದೇ ಮನೆಯನ್ನು ಜನಗಣತಿಯಲ್ಲಿ ಹುಡುಕಿದಾಗ ಆತ ಅವಳ ತಾಯಿಯ ತಮ್ಮನೆಂದು ತಿಳಿಯಿತು. ಆದ್ದರಿಂದ ಸಾಕ್ಷಿಗಳ ಹೆಸರುಗಳನ್ನು ತಪ್ಪದೆ ಬರೆದಿಟ್ಟುಕೊಳ್ಳಿ.

ಉತ್ತರ 3

ಅರ್ಜಿಯಲ್ಲಿರುವುದು ಪ್ರಮಾಣ ಮಾಡಿ ಹೇಳಿದ ಮಾತೇ ಆದರೂ, ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಹಡಗಿನ ಹೆಸರನ್ನೂ ತಿಂಗಳನ್ನೂ ಆತ ನೆನಪಿನಿಂದ ಹೇಳಿದ್ದಾನೆಂಬುದನ್ನು ಮರೆಯಬಾರದು. ಹಡಗಿನ ಪ್ರಯಾಣಿಕರ ಪಟ್ಟಿಯೊಡನೆ ಹೋಲಿಸುವಾಗ ಹಿಂದುಮುಂದಿನ ಒಂದೆರಡು ವರ್ಷಗಳನ್ನೂ ಸೇರಿಸಿಕೊಂಡು ಹುಡುಕುವುದು ಒಳ್ಳೆಯದು. ಊರಿನ ವಿಷಯದಲ್ಲಿಯೂ ಅಷ್ಟೇ: ಕೇಳಿದವರಿಗೆ ಅರ್ಥವಾಗಲೆಂದು ತನ್ನ ಹಳ್ಳಿಯ ಬದಲು ಹತ್ತಿರದ ಪಟ್ಟಣವನ್ನು ಹೇಳುವುದು ಆಗಲೂ ವಾಡಿಕೆಯಾಗಿತ್ತು. ಹೀಗಾಗಿ ಎರಡೂ ಅರ್ಜಿಗಳು ಸಿಕ್ಕಿದರೆ ಅವುಗಳಲ್ಲಿನ ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಧನ್ಯವಾದಗಳು. 1921ರ ಅರ್ಜಿ ಸಿಕ್ಕಿತು. ಸೂಚಿಯಲ್ಲಿ ಮನೆತನದ ಹೆಸರಿನ ಮೊದಲ ಅಕ್ಷರವನ್ನೇ ತಪ್ಪಾಗಿ ಓದಿದ್ದರಿಂದ, ಹೆಸರನ್ನು ಬಿಟ್ಟು ಹುಟ್ಟಿದ ವರ್ಷ ಮತ್ತು ಕ್ಲೀವ್‌ಲ್ಯಾಂಡ್ ಎಂಬೆರಡನ್ನೇ ಕೊಟ್ಟು ಹುಡುಕಬೇಕಾಯಿತು. ದಂಪತಿಗಳ ಚಿತ್ರವಿದೆ, ಹುಟ್ಟಿದ ಊರು ಲ್ಯುಬ್ಲಿಯಾನಾ ಎಂದಿದೆ. ಪತ್ನಿಯ ಪೌರತ್ವದ ಬಗ್ಗೆ ಮಾತ್ರ ಪ್ರತ್ಯೇಕ ದಾಖಲೆಯ ಉಲ್ಲೇಖವೇ ಇಲ್ಲ.

ಉತ್ತರ 1

ಬಹಳ ಸಂತೋಷ. 1922ರ ಸೆಪ್ಟೆಂಬರ್‌ನ ಕೇಬಲ್ ಕಾಯಿದೆಗೆ ಮೊದಲು, ಗಂಡ ಪೌರನಾದರೆ ಹೆಂಡತಿಯೂ ತಾನಾಗಿಯೇ ಪೌರಳಾಗುತ್ತಿದ್ದಳು. ಆದ್ದರಿಂದ ಆಕೆಯ ಹೆಸರಿನ ಪತ್ರವನ್ನು ಹುಡುಕುತ್ತಾ ಸಮಯ ಕಳೆಯಬೇಡಿ. ಲ್ಯುಬ್ಲಿಯಾನಾ ಇಂದಿನ ಸ್ಲೊವೇನಿಯಾದ ರಾಜಧಾನಿ, ಅಂದಿನ ಜರ್ಮನ್ ದಾಖಲೆಗಳಲ್ಲಿ ಲೈಬಾಖ್. ಮೂರನೆಯವರು ಹೇಳಿದ ಎಚ್ಚರಿಕೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಅದು ಆತನ ಊರೂ ಆಗಿರಬಹುದು, ಆತನ ಹಳ್ಳಿಗೆ ಹತ್ತಿರದ ಪಟ್ಟಣವೂ ಆಗಿರಬಹುದು. ನಗರದ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಅರ್ಜಿಯಲ್ಲಿರುವ ಜನ್ಮದಿನದ ಆಸುಪಾಸಿನ ಪುಟಗಳನ್ನು ಮೊದಲು ನೋಡಿ, ಅಲ್ಲಿ ಸಿಗದಿದ್ದರೆ ಸುತ್ತಲಿನ ಹಳ್ಳಿಗಳ ಚರ್ಚುಗಳಿಗೆ ಹೋಗಿ. ಅಷ್ಟರಲ್ಲಿ 1904ರ ಅರ್ಜಿಯನ್ನೂ, ಈಗ ತಿಳಿದ ಆ ತಪ್ಪು ಅಕ್ಷರವನ್ನೇ ಕೊಟ್ಟು, ಒಮ್ಮೆ ಹುಡುಕಿ ನೋಡಿ.