ಎಲೆಕ್ಷನ್ ಡ್ಯೂಟಿ: ಮತಗಟ್ಟೆಯಲ್ಲಿ ಯಾರ ಅಧಿಕಾರ ಎಲ್ಲಿಯವರೆಗೆ?

ಪ್ರಶ್ನೆ (ಶಿಕ್ಷಕಿ, ಡೊಂಬಿವಲಿ): ಮೊದಲ ಸಲ ಡ್ಯೂಟಿ ಆರ್ಡರ್ ಬಂದಿದೆ, ಮತದಾನ ಅಧಿಕಾರಿ-1 ಅಂತ. ಮರಾಠಿಯ ಮತದಾರರ ಪಟ್ಟಿಯಲ್ಲಿ ನಮ್ಮ ಕನ್ನಡಿಗರ ಹೆಸರು ಹೇಗೆಹೇಗೋ ಬಿದ್ದಿರುತ್ತದೆ. ಕಾರ್ಡಿಗೂ ಪಟ್ಟಿಗೂ ಹೊಂದದಿದ್ದರೆ ವಾಪಸ್ ಕಳಿಸಬೇಕಾ?

ಉತ್ತರ: ಬೇಡ ಮೇಡಂ. ಹೆಗಡೆ 'ಹೆಗ್ಡೆ' ಆಗಿದ್ದರೆ ಏನೂ ಕೆಡುವುದಿಲ್ಲ, ಗುರುತು ಖಚಿತವಾದರೆ ಸಾಕು. ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಕಾರ್ಡ್ ಇದ್ದರೂ ಮತವಿಲ್ಲ. ಮನೆಗೆ ಬಂದ ಮತದಾರ ಚೀಟಿಯೊಂದನ್ನೇ ತಂದರೂ ಆಗದು. ವೋಟರ್ ಕಾರ್ಡ್, ಇಲ್ಲವೇ ಆಧಾರ್, ಪ್ಯಾನ್, ಪಾಸ್‌ಪೋರ್ಟ್‌ನಂಥ ಒಪ್ಪಿತ ದಾಖಲೆ ಬೇಕು. ಕ್ರಮಸಂಖ್ಯೆ, ಹೆಸರು ಅಭ್ಯರ್ಥಿಗಳ ಏಜೆಂಟರಿಗೆ ಕೇಳುವ ಹಾಗೆ ಓದಿ. ಅನುಮಾನ ಬಂತೋ, ನೀವೇ ತೀರ್ಮಾನಿಸಬೇಡಿ, ಕೇಂದ್ರಾಧ್ಯಕ್ಷರ (ಮತಗಟ್ಟೆಯ ಮುಖ್ಯ ಅಧಿಕಾರಿ, ಪ್ರಿಸೈಡಿಂಗ್ ಆಫೀಸರ್) ಬಳಿ ಕಳಿಸಿ. ಅಧಿಕಾರಿ-2 ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ (ಆ ಶಾಯಿ ನಮ್ಮ ಮೈಸೂರಿನದೇ!) 17ಎ ಎಂಬ ಮತದಾರರ ರಿಜಿಸ್ಟರಿಗೆ ಸಹಿ ಪಡೆದು ಚೀಟಿ ಕೊಡುತ್ತಾರೆ. ಅಧಿಕಾರಿ-3 ಆ ಚೀಟಿಯ ಸರದಿಯಂತೆಯೇ, ಒಬ್ಬರ ಮತಕ್ಕೆ ಮಷಿನ್ ತೆರೆಯುವ ಬ್ಯಾಲೆಟ್ ಬಟನ್ ಒತ್ತಬೇಕು.

ಪ್ರಶ್ನೆ: "ಇವರು ಅವರಲ್ಲ" ಅಂತ ಏಜೆಂಟ್ ತಕರಾರು ತೆಗೆದರೆ? ಆ ಹೆಸರಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿ ಹೋಗಿದ್ದರೆ?

ಉತ್ತರ: ಎರಡಕ್ಕೂ ದಾರಿ ಬೇರೆ. ಬರೀ ಕೂಗಾಡಿದರೆ ತಕರಾರು ಆಗುವುದಿಲ್ಲ. ಏಜೆಂಟ್ 2 ರೂಪಾಯಿ ನಗದು ಕಟ್ಟಬೇಕು. ಕೇಂದ್ರಾಧ್ಯಕ್ಷರು ಅಲ್ಲೇ ವಿಚಾರಿಸುತ್ತಾರೆ. ತಕರಾರು ಸಾಬೀತಾಗದಿದ್ದರೆ ಮತಕ್ಕೆ ಬಿಡುತ್ತಾರೆ, ಸಾಬೀತಾದರೆ ಮತ ಹಾಕಲು ಬಂದವರನ್ನು ಪೊಲೀಸರಿಗೆ ಒಪ್ಪಿಸುತ್ತಾರೆ.

ಎರಡನೆಯದರಲ್ಲೇ ಹೆಚ್ಚು ಎಡವುವುದು. ನಿಜವಾದ ಮತದಾರರೇ ಎಂದು ಕೇಂದ್ರಾಧ್ಯಕ್ಷರಿಗೆ ಖಾತ್ರಿಯಾದರೆ ಅವರಿಗೆ ಟೆಂಡರ್ಡ್ ಮತದ ಹಕ್ಕಿದೆ. ಅದು ಮಷಿನ್‌ನಲ್ಲಿ ಅಲ್ಲ, ಕಾಗದದ ಮತಪತ್ರದಲ್ಲಿ. 17ಬಿ ನಮೂನೆಯಲ್ಲಿ ಸಹಿ, ಪತ್ರ ಬೇರೆ ಲಕೋಟೆಗೆ. ಪಾಪ ಅಂತ ಕನಿಕರಪಟ್ಟು ಇನ್ನೊಮ್ಮೆ ಬಟನ್ ಒತ್ತಿದರೆ ಒಂದೇ ಹೆಸರಿಗೆ ಮಷಿನ್‌ನಲ್ಲಿ ಎರಡು ಮತ ಬೀಳುತ್ತವೆ, 17ಎ ಲೆಕ್ಕವೂ ತಪ್ಪುತ್ತದೆ.

ಪ್ರಶ್ನೆ (ಪುಣೆ): ಅಜ್ಜಿಯರಿಗೆ ಬಟನ್ ತೋರಿಸಿಕೊಡಬಹುದಾ ಸರ್?

ಉತ್ತರ: ಹೊರಗೆ ರಟ್ಟಿನ ಮಾದರಿಯಲ್ಲಿ ತೋರಿಸಿ. ಮರೆಯ ಒಳಗೆ ಹೋಗಬೇಡಿ. ಕಣ್ಣು ಕಾಣದವರು, ಅಶಕ್ತರು 18 ತುಂಬಿದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಬಹುದು. ಹಾಗೆ ಬಂದವರು ಆ ದಿನ ಇನ್ನೊಬ್ಬರಿಗೆ ಜೊತೆಯಾಗುವಂತಿಲ್ಲ. ಓದು ಬಾರದು ಅನ್ನುವುದು ಇದಕ್ಕೆ ಕಾರಣವಾಗದು. ಯಂತ್ರಕ್ಕೆ ಏನೋ ಮಾಡುತ್ತಿದ್ದಾರೆ, ತೀರಾ ಹೊತ್ತು ನಿಂತಿದ್ದಾರೆ ಅನ್ನಿಸಿದರೆ ಕೇಂದ್ರಾಧ್ಯಕ್ಷರು ಒಳಗೆ ಹೋಗಬಹುದು. ಆಗಲೂ ಬರುತ್ತೇನೆಂದ ಏಜೆಂಟರನ್ನು ತಡೆಯುವ ಹಾಗಿಲ್ಲ.

ಇನ್ನೊಬ್ಬರು: ಬೆಳಗಿನ ಮಾಕ್ ಪೋಲ್ (ಮತದಾನಕ್ಕೆ ಮೊದಲಿನ ಅಣಕು ಮತದಾನ) ಬಗ್ಗೆ ಯಾರೂ ಕೇಳಲಿಲ್ಲವಲ್ಲ. ಕನಿಷ್ಠ 50 ಮತ. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್ ಬಟನ್‌ಗಳು, ಇದೇ ಕ್ರಮದಲ್ಲಿ. ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಅಣಕು ಮತ ಅಳಿಸುವ ಕ್ಲಿಯರ್. ವಿವಿಪ್ಯಾಟ್ (ಹಾಕಿದ ಮತದ ಚೀಟಿ ಮುದ್ರಿಸುವ ಯಂತ್ರ) ಡಬ್ಬಿಯೊಳಗಿನ ಚೀಟಿಗಳನ್ನೂ ತೆಗೆದು ಖಾಲಿ ಡಬ್ಬಿಯನ್ನು ಏಜೆಂಟರಿಗೆ ತೋರಿಸಿ. ಕಂಟ್ರೋಲ್ ಯುನಿಟ್ ಟೋಟಲ್ ಸೊನ್ನೆ ತೋರಿಸಿದ ಮೇಲೆಯೇ ಸೀಲ್ ಮಾಡಿ.