ಅಪ್‌ಡೇಟ್: 30 ಇಂಚಿನ ಬೇಸ್ ಗಿಟಾರ್ ಕೊಂಡೆ

34 ಇಂಚು ಸ್ಕೇಲಿನ (ಸ್ಕೇಲ್ ಅಂದರೆ ತಂತಿಯ ನುಡಿಯುವ ಭಾಗದ ಉದ್ದ) ಬೇಸ್ ನುಡಿಸಿದರೆ ಎಡಗೈ ಮಣಿಕಟ್ಟು ನೋಯುತ್ತದೆ, 30 ಇಂಚಿನದು ಮಕ್ಕಳ ವಾದ್ಯವೇ ಎಂದು ಮೂರು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಬಳಸಿದ ಫೆಂಡರ್ ಮಸ್ಟಾಂಗ್ ಒಂದನ್ನು ಕೊಂಡೆ.

ನೋವು ಬಹುಮಟ್ಟಿಗೆ ಹೋಗಿದೆ. ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಮೊದಲ ಫ್ರೆಟ್‌ಗೆ (ಸ್ವರಸ್ಥಾನದ ಲೋಹದ ಗೆರೆ) ಹಳೆಯದರಲ್ಲಿ 48 ಮಿಲಿಮೀಟರ್ ಇತ್ತು, ಇದರಲ್ಲಿ 43. ಬರೆದರೆ ಅಲ್ಪ, ಬೆರಳಿಗೆ ಅದೇ ದೊಡ್ಡದು.

ಆದರೆ ನನ್ನನ್ನು ಹಿಡಿದಿಟ್ಟದ್ದು ನಾದ. ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ತಂದಾಗ ಬಿಗಿತ ಸುಮಾರು ಶೇ 22ರಷ್ಟು ಇಳಿಯುತ್ತದೆ. ತಂತಿ ಸಡಿಲವಾಗಿ ತೂಗುತ್ತದೆ, ಸ್ವರ ದುಂಡಗೆ, ತುಂಬಿಕೊಂಡು ಬರುತ್ತದೆ. ಫ್ಲಾಟ್‌ವೌಂಡ್ (ಚಪ್ಪಟೆ ಲೋಹದ ಪಟ್ಟಿ ಸುತ್ತಿದ, ನಯವಾದ) ತಂತಿ ಹಾಕಿದ ಮೇಲಂತೂ ರಾತ್ರಿ ಕೆಳಗಿಡಲು ಮನಸ್ಸೇ ಬರುವುದಿಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ ಕೂಡ ಗಿಡ್ಡ ಸ್ಕೇಲಿನದೇ. ಜಾಕ್ ಬ್ರೂಸ್ ಕ್ರೀಮ್ ಎಂಬ ರಾಕ್ ತಂಡದಲ್ಲಿ ನುಡಿಸಿದ ಗಿಬ್ಸನ್ ಇಬಿ-3 ಸಹ. ಇದನ್ನು ಮಕ್ಕಳ ವಾದ್ಯ ಎಂದು ನಾನು ಇನ್ನು ಯಾರ ಮುಂದೆಯೂ ಒಪ್ಪುವುದಿಲ್ಲ.

ಒಂದು ಎಚ್ಚರಿಕೆ: ಅಂಗಡಿಯವರು ಮೊದಲು ಉದ್ದ ಸ್ಕೇಲಿನ ತಂತಿಗಳನ್ನು ಕೊಟ್ಟರು. ತುದಿಯ ತೆಳು ಭಾಗದ ಬದಲು ದಪ್ಪ ಭಾಗವೇ ಬಿರಡೆಗೆ ಸುತ್ತಿಕೊಂಡು, ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಹಾಳಾಯಿತು. ಗಿಡ್ಡ ಸ್ಕೇಲಿನ ಸೆಟ್ಟನ್ನೇ ಕೇಳಿ ಪಡೆಯಿರಿ. ಇ ತಂತಿ ತೀರಾ ಸಡಿಲವೆನಿಸಿದರೆ ಸ್ವಲ್ಪ ದಪ್ಪದ್ದನ್ನು ಆರಿಸಿ.

ಹಳೆಯ ಬೇಸನ್ನು ಮಾರಿಲ್ಲ. ಇ ತಂತಿಯನ್ನು ಡಿ ಸ್ವರಕ್ಕೆ ಇಳಿಸಬೇಕಾದ ಹಾಡುಗಳಿಗೆ ಅದೇ ಬೇಕು; ಗಿಡ್ಡದರಲ್ಲಿ ಆಗ ತಂತಿ ಇನ್ನೂ ಸಡಿಲವಾಗುತ್ತದೆ.