ಹೊಸ ದೇಶಿ ಪಿಸಿಪಿನಾ, ಹಳೆ ವಾಲ್ಥರಾ? ಏರ್ ರೈಫಲ್ ಬಳಸಿದವರು ಹೇಳಿ

ಧಾರವಾಡದಿಂದ ಪ್ರಶ್ನೆ:
ಮಗಳಿಗೆ 13 ವರ್ಷ. 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಇಷ್ಟು ದಿನ ಕ್ಲಬ್ಬಿನ ರೈಫಲ್‌ನಲ್ಲೇ ನಡೆಯಿತು, ಈಗ ಸ್ವಂತದ್ದು ಬೇಕಂತೆ. ಇಲ್ಲೇ ತಯಾರಾದ ಹೊಸ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ರೈಫಲ್) ಒಂದಿದೆ. ಇನ್ನೊಂದು, ಒಬ್ಬರು ಬಳಸಿದ ಜರ್ಮನಿಯ ವಾಲ್ಥರ್ ಎಲ್‌ಜಿ 400. ಹಳೆಯದಕ್ಕೇ ರೇಟು ಜಾಸ್ತಿ ಹೇಳುತ್ತಿದ್ದಾರೆ! ಕೊಟ್ಟ ದುಡ್ಡಿಗೆ ಯಾವುದು ಬಾಳಿಕೆ ಬರುತ್ತದೆ? ಲೈಸೆನ್ಸ್ ಬೇಕಾ?

ಹುಬ್ಬಳ್ಳಿಯಿಂದ:
ನಮ್ಮ ಮನೆಯಲ್ಲಿ ಎರಡೂ ತರಹದ್ದು ಇವೆ ಮೇಡಂ. ದೇಶಿ ರೈಫಲ್‌ನ ಬ್ಯಾರೆಲ್ ಬಗ್ಗೆ ನನ್ನ ದೂರಿಲ್ಲ. ಮೇಜಿನ ಮೇಲೆ ಆನಿಸಿ ಹೊಡೆದರೆ ಪೆಲೆಟ್‌ಗಳು (ಸಣ್ಣ ಗುಂಡುಗಳು) ಒಂದೇ ತೂತಿನ ಆಸುಪಾಸು ಬೀಳುತ್ತವೆ. ತಕರಾರು ಇರೋದು ಸಣ್ಣ ಭಾಗಗಳಲ್ಲಿ. ಕೆನ್ನೆ ಆನಿಸುವ ತುಂಡಿನ ಸ್ಕ್ರೂ ಪದೇ ಪದೇ ಸಡಿಲಾಗುತ್ತದೆ. ಡಯಾಪ್ಟರ್ ಸೈಟಿನಲ್ಲಿ (ಗುರಿ ನೋಡುವ ಸಣ್ಣ ಕಿಂಡಿ) ಒಂದು ಕ್ಲಿಕ್ ತಿರುಗಿಸಿದರೆ ಗುರಿ ಒಮ್ಮೆ ಸರಿಯುತ್ತದೆ, ಒಮ್ಮೆ ಇಲ್ಲ. 10 ಅಂಕದ ಚುಕ್ಕೆ ಇರೋದೇ ಅರ್ಧ ಮಿಲಿಮೀಟರ್, ಹಾಗಾಗಿ ಇದು ಸಣ್ಣ ಮಾತಲ್ಲ. ವಾಲ್ಥರ್‌ನಲ್ಲಿ ಈ ಕಿರಿಕಿರಿ ಇಲ್ಲ. ಟ್ರಿಗರ್ ನಿನ್ನೆ ಎಲ್ಲಿ ತಡೆದು ನಿಂತಿತ್ತೋ ಇವತ್ತೂ ಅಲ್ಲೇ ನಿಲ್ಲುತ್ತದೆ.

ಆದರೆ ಹಳೆಯದನ್ನು ಕೊಳ್ಳುವಾಗ ರೈಫಲ್‌ಗಿಂತ ಮೊದಲು ಸಿಲಿಂಡರ್ ನೋಡ್ರಿ. ಅದರ ಮೇಲೆ ತಯಾರಾದ ದಿನಾಂಕ ಕೊರೆದಿರುತ್ತದೆ. ಜರ್ಮನ್ ಕಂಪನಿಗಳು ಸಾಮಾನ್ಯವಾಗಿ 10 ವರ್ಷದ ಅವಧಿ ಕೊಡುತ್ತವೆ. ಅವಧಿ ಮುಗಿದದ್ದನ್ನು ದೊಡ್ಡ ಸ್ಪರ್ಧೆಗಳಲ್ಲಿ ಬಳಸುವಂತಿಲ್ಲ, ಬಳಸುವುದು ಅಪಾಯವೂ ಹೌದು. ಹೊಸ ಸಿಲಿಂಡರ್ ಹೊರದೇಶದಿಂದ ತರಿಸಬೇಕು. ಆ ಖರ್ಚು ಸೇರಿಸಿ ಲೆಕ್ಕ ಹಾಕಿ, ಆಮೇಲೆ ಚೌಕಾಸಿ ಮಾಡಿ. ಒಳಗಿನ ರಬ್ಬರ್ ರಿಂಗ್‌ಗಳೂ ಸವೆಯುತ್ತವೆ. ಗಾಳಿ ತುಂಬಿಸಿ ಒಂದು ರಾತ್ರಿ ಹಾಗೇ ಇಡಲು ಹೇಳಿ. ಬೆಳಿಗ್ಗೆ ಮೀಟರಿನ ಮುಳ್ಳು ಇಳಿದಿದ್ದರೆ ಲೀಕ್ ಇದೆ ಅಂತಲೇ.

ಗದಗದಿಂದ:
ಗಾಳಿ ಎಲ್ಲಿ ತುಂಬಿಸ್ತೀರಿ ಅನ್ನೋದನ್ನೂ ಯೋಚಿಸಿ. ಎಲ್‌ಜಿ 400ರ ಸಿಲಿಂಡರ್ 300 ಬಾರ್ (ಗಾಳಿಯ ಒತ್ತಡದ ಅಳತೆ) ತನಕ ತಡೆಯುತ್ತದೆ. ಕೈಪಂಪಿನಲ್ಲಿ 200 ದಾಟುವಷ್ಟರಲ್ಲಿ ತೋಳು ಸೋತು ಹೋಗುತ್ತದೆ. 200ಕ್ಕೇ ನಿಲ್ಲಿಸಿದರೂ ನಡೆಯುತ್ತದೆ, ಗುಂಡುಗಳ ಲೆಕ್ಕ ಕಡಿಮೆಯಾಗುತ್ತದೆ ಅಷ್ಟೇ. ಒಂದು ಮಾತು: ವೆಲ್ಡಿಂಗ್ ಅಂಗಡಿಯಲ್ಲಿ ಆಕ್ಸಿಜನ್ ತುಂಬಿಸಿಕೊಡ್ತೀವಿ ಅಂದರೆ ಖಂಡಿತ ಬೇಡ. ಗ್ರೀಸಿನ ಪಸೆ ಇದ್ದರೆ ಸ್ಫೋಟವಾಗುತ್ತದೆ. ಬರೀ ಒಣಗಾಳಿ ಮಾತ್ರ.

ಹಾವೇರಿಯಿಂದ:
ಲೈಸೆನ್ಸ್ ಬೇಡ ಅಕ್ಕಾ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರ್ (ನಳಿಗೆಯ ಒಳ ಅಗಲ, ಇಂಚಿನಲ್ಲಿ), ಗುಂಡಿನ ಶಕ್ತಿ 20 ಜೂಲ್ ಒಳಗಿದ್ದರೆ ಸಾಕು. ಸ್ಪರ್ಧೆಯ ರೈಫಲ್‌ನ ಶಕ್ತಿ ಅದರ ಅರ್ಧದಷ್ಟೂ ಇರೋದಿಲ್ಲ. ಕೊಂಡ ರಸೀದಿ ಮಾತ್ರ ಜೋಪಾನ.

ನನ್ನ ಕೇಳಿದರೆ ಬ್ರ್ಯಾಂಡ್ ಆಮೇಲೆ, ಅಳತೆ ಮೊದಲು. ಅವಳು ಇನ್ನೂ ಬೆಳೆಯುವ ಹುಡುಗಿ. ರೈಫಲ್‌ನ ಹಿಂಬದಿಯ ಉದ್ದ, ಕೆನ್ನೆ ಆನಿಸುವ ತುಂಡಿನ ಎತ್ತರ ಎರಡೂ ಬದಲಿಸಲು ಬರಬೇಕು. ಭುಜಕ್ಕೆ ಕೂಡದ ರೈಫಲ್ ಎಷ್ಟು ದುಬಾರಿಯಾದರೇನು, ಸುಮ್ನೆ ಸೊಂಟ ನೋವು.

ಧಾರವಾಡದಿಂದ:
ವಾಲ್ಥರ್ ಮಾರುವವರಿಗೆ ಫೋನ್ ಮಾಡಿ ಕೇಳಿದೆ. ಸಿಲಿಂಡರ್ ಮೇಲೆ 2014 ಅಂತಿದೆಯಂತೆ! ಹೊಸ ಸಿಲಿಂಡರಿನ ದುಡ್ಡು ಕಳೆದು ಕೊಡ್ರಿ ಅಂದಿದ್ದೀನಿ. ಅವರು ಒಪ್ಪಿದರೆ ವಾಲ್ಥರ್, ಇಲ್ಲದಿದ್ದರೆ ಹೊಸದು. ಭಾನುವಾರ ಮಗಳನ್ನೂ ಕರೆದುಕೊಂಡು ಹೋಗಿ ಭುಜಕ್ಕೆ ಹಿಡಿಸಿ ನೋಡುತ್ತೇವೆ.